ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ: ಪಾಲಿಸಿ ಪರವಾಗಿಲ್ಲ, ಷೆಡ್ಯೂಲ್ ಓದಿದ್ದೀರಾ?

ಅಂಗಡಿ, ಗೋಡೌನ್, ಸಣ್ಣ ವರ್ಕ್‌ಶಾಪ್ ನಡೆಸುವವರು ಇವತ್ತು ಬೆಂಕಿ-ಪ್ರವಾಹದ ವಿಮೆ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಈ ಪಾಲಿಸಿಯೇ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಮೂರು ಸಿದ್ಧ ಪಾಲಿಸಿಗಳನ್ನು ಜಾರಿಗೆ ತಂದಿತು. ಮನೆಗೆ ಭಾರತ ಗೃಹ ರಕ್ಷಾ. ಒಂದು ಜಾಗದಲ್ಲಿರುವ ಒಟ್ಟು ಆಸ್ತಿಯ ಮೌಲ್ಯ ₹5 ಕೋಟಿ ಮೀರದ ವ್ಯಾಪಾರಕ್ಕೆ ಸೂಕ್ಷ್ಮ ಉದ್ಯಮ ಸುರಕ್ಷಾ. ಅಲ್ಲಿಂದ ₹50 ಕೋಟಿವರೆಗೆ ಲಘು ಉದ್ಯಮ ಸುರಕ್ಷಾ. 'ಸೂಕ್ಷ್ಮ' ಎಂಬ ಹೆಸರು ನೋಡಿ ಇದು ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ 'ಉದ್ಯಮ್' ಇದ್ದವರಿಗೆ ಮಾತ್ರ ಅಂದುಕೊಳ್ಳುವವರಿದ್ದಾರೆ. ಲೆಕ್ಕಕ್ಕೆ ಬರುವುದು ಆ ಜಾಗದಲ್ಲಿರುವ ಕಟ್ಟಡ, ಯಂತ್ರ, ಪೀಠೋಪಕರಣ, ಸರಕು ಎಲ್ಲ ಸೇರಿದ ಬೆಲೆ, ಅಷ್ಟೇ.

ಪಾಲಿಸಿಯ ಮೂಲ ಪಠ್ಯ ಎಲ್ಲ ಕಂಪನಿಗಳಲ್ಲೂ ಒಂದೇ. ಸರ್ಕಾರಿ ಕಂಪನಿಯಲ್ಲಿ ಕೊಂಡರೂ ಖಾಸಗಿಯಲ್ಲಿ ಕೊಂಡರೂ ಷರತ್ತು ಬದಲಾಗುವುದಿಲ್ಲ. ಪ್ರೀಮಿಯಂ, ಹೆಚ್ಚುವರಿ ಕವರ್, ಕ್ಲೇಮಿನ ಹೊತ್ತಿನ ವರ್ತನೆ ಬದಲಾಗುತ್ತದೆ. ಹಾಗಾಗಿ ಇದು ಯಾವ ಕಂಪನಿಯ ವಿಮರ್ಶೆಯೂ ಅಲ್ಲ, ಪಾಲಿಸಿಯದು. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಳೆದ ಒಂದೂವರೆಯಲ್ಲಿ ಒಂದು, ಅಂಗಡಿ ಮುಚ್ಚಿದ ದಿನಗಳ ಲಾಭಕ್ಕೆ ಇದರಲ್ಲಿ ಕಾಸೂ ಇಲ್ಲ ಎಂಬುದಕ್ಕೆ. ಉಳಿದ ಅರ್ಧ, ಇದನ್ನು ಮಾರುವ ರೀತಿಗೆ.

ಮೊದಲು ಒಳ್ಳೆಯದು. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರು ನುಗ್ಗುವಿಕೆ, ಭೂಕುಸಿತ, ಕಾಳ್ಗಿಚ್ಚು, ಮರವೋ ವಾಹನವೋ ಬಂದು ಬಡಿದದ್ದು, ಗಲಭೆ-ಮುಷ್ಕರ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದದ್ದು, ಸ್ಪ್ರಿಂಕ್ಲರ್ ಸೋರಿಕೆ ಇವೆಲ್ಲ ಮೂಲ ಪಾಲಿಸಿಯಲ್ಲೇ ಇವೆ. ಹಳೆಯ ಫೈರ್ ಪಾಲಿಸಿಯಲ್ಲಿ ಭೂಕಂಪವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕಿತ್ತು. ಈಗ ಆ ತಾಪತ್ರಯವಿಲ್ಲ. ಇಂಥ ಘಟನೆಯ ಬೆನ್ನಲ್ಲೇ, 7 ದಿನದೊಳಗೆ, ಅದರಿಂದಾಗಿಯೇ ಆದ ಕಳವಿಗೂ ರಕ್ಷಣೆ ಇದೆ. ನೆರೆ ಬಂದು ಷಟರ್ ಬಾಗಿ, ರಾತ್ರಿ ಯಾರೋ ಒಳಗೆ ನುಗ್ಗಿ ಉಳಿದ ಮಾಲು ಹೊತ್ತೊಯ್ದರೆ ಅದೂ ಕ್ಲೇಮಿಗೆ ಸೇರುತ್ತದೆ. ಬರೀ ಕನ್ನಗಳ್ಳತನ ಸೇರುವುದಿಲ್ಲ, ಅದಕ್ಕೆ ಬರ್ಗ್ಲರಿ ಪಾಲಿಸಿ ಪ್ರತ್ಯೇಕ.

ಜೊತೆಗೆ ಬರುವ ಸಣ್ಣಪುಟ್ಟ ಕವರ್‌ಗಳನ್ನು ಏಜೆಂಟರು ಬಾಯಿಬಿಟ್ಟು ಹೇಳುವುದು ಅಪರೂಪ. ನಗದಿಗೆ ₹50,000, ಲೆಕ್ಕದ ಪುಸ್ತಕ ಮತ್ತು ದಾಖಲೆ ಪತ್ರಗಳಿಗೆ ₹50,000, ನೌಕರರ ಸ್ವಂತ ವಸ್ತುಗಳಿಗೆ ತಲಾ ₹15,000ದಂತೆ 20 ಜನಕ್ಕೆ. ಇಂಜಿನಿಯರ್, ಆರ್ಕಿಟೆಕ್ಟ್ ಫೀಸಿಗೆ ಕ್ಲೇಮ್ ಮೊತ್ತದ ಶೇ. 5, ಅವಶೇಷ ತೆಗೆಸುವ ಖರ್ಚಿಗೆ ಶೇ. 2, ಮತ್ತೆ ಬಾಗಿಲು ತೆರೆಯುವ ಖರ್ಚಿಗೆ ₹1 ಲಕ್ಷ. ನೆರೆ ಇಳಿದ ಮೇಲೆ ಕೆಸರು ತೆಗೆಸಿದ ಕೂಲಿಯ ರಸೀದಿ, ಟ್ರ್ಯಾಕ್ಟರ್ ಬಾಡಿಗೆಯ ಚೀಟಿ ಇಟ್ಟುಕೊಳ್ಳದೆ ಈ ಹಣವನ್ನು ಹಾಗೇ ಬಿಟ್ಟುಬಿಡುವವರೇ ಹೆಚ್ಚು.

ಇನ್ನು ಷೆಡ್ಯೂಲ್. ಪಾಲಿಸಿ ಎಂದು ಕೊಡುವ ಕಾಗದದ ಕಟ್ಟಿನಲ್ಲಿ ನಿಮಗಾಗಿಯೇ ಬರೆದದ್ದು ಆ ಒಂದೆರಡು ಪುಟ ಮಾತ್ರ. ಮಿಕ್ಕದ್ದೆಲ್ಲ ಊರಿಗೆಲ್ಲ ಒಂದೇ. ಕ್ಲೇಮ್ ನಿಲ್ಲುವುದೋ ಬೀಳುವುದೋ ಆ ಪುಟದ ನಾಲ್ಕು ಸಾಲಿನಲ್ಲಿ ತೀರ್ಮಾನವಾಗುತ್ತದೆ.

ಮೊದಲ ಸಾಲು ವಿಳಾಸ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಅನ್ನಿ. ಅಂಗಡಿ ಪೇಟೆಯಲ್ಲಿ, ಹೆಚ್ಚುವರಿ ಮಾಲು ಎರಡು ಬೀದಿ ಆಚೆಯ ಗೋಡೌನಿನಲ್ಲಿ. ಷೆಡ್ಯೂಲ್‌ನಲ್ಲಿ ಅಂಗಡಿಯ ವಿಳಾಸ ಮಾತ್ರ ಇದ್ದರೆ ಗೋಡೌನಿಗೆ ಬೆಂಕಿ ಬಿದ್ದಾಗ ಪಾಲಿಸಿ ಅತ್ತ ತಿರುಗಿಯೂ ನೋಡುವುದಿಲ್ಲ. ತಾತ್ಕಾಲಿಕವಾಗಿ ಬೇರೆಡೆ ಸಾಗಿಸಿದ ಸರಕಿಗೆ ಶೇ. 10ರಷ್ಟು ರಕ್ಷಣೆ ಇದೆಯಾದರೂ ಕಾಯಂ ಗೋಡೌನನ್ನು ಅದರಡಿ ತಳ್ಳಲಾಗದು. ಎರಡೂ ವಿಳಾಸ ಬರೆಸಬೇಕು. ಮಾಲು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರೆ ಫ್ಲೋಟರ್ ಕೇಳಬೇಕು; ಆಗ ಒಂದೇ ವಿಮಾ ಮೊತ್ತ ಎರಡೂ ಜಾಗಕ್ಕೆ ಅನ್ವಯಿಸುತ್ತದೆ. ಬೇಸ್‌ಮೆಂಟಿನಲ್ಲಿ ಸರಕಿದ್ದರೆ ಅದನ್ನೂ ಪಾಲಿಸಿ ಕೇಳುವಾಗ ತುಂಬುವ ಪ್ರಪೋಸಲ್ ಫಾರಂನಲ್ಲೇ ಬರೆದುಬಿಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ನೀರು ಮೊದಲು ಇಳಿದದ್ದು ಬೇಸ್‌ಮೆಂಟಿಗೇ.

ಎರಡನೆಯದು ಉದ್ಯೋಗದ ವಿವರಣೆ. 'ಬಟ್ಟೆ ವ್ಯಾಪಾರ' ಎಂದು ಬರೆಸಿ ಹಿಂದಿನ ಕೋಣೆಯಲ್ಲಿ ಫೋಮ್ ಹಾಸಿಗೆ, ಥಿನ್ನರ್ ಡಬ್ಬ ಇಟ್ಟಿದ್ದರೆ ಪ್ರೀಮಿಯಂ ದರವೇ ಬೇರೆಯಾಗಬೇಕಿತ್ತು ಎಂಬ ವಾದ ಬರುತ್ತದೆ, ಆ ವಾದ ಗಟ್ಟಿಯಾದದ್ದೇ.

ಮೂರನೆಯದು ವಸ್ತುಗಳ ವಿಂಗಡಣೆ. ಬಾಡಿಗೆ ಮಳಿಗೆಯಾದರೆ ಕಟ್ಟಡ ಮಾಲೀಕರ ತಲೆನೋವು. ಆದರೆ ನೀವು ಹಾಕಿಸಿದ ಫಾಲ್ಸ್ ಸೀಲಿಂಗ್, ಗಾಜಿನ ಶೋಕೇಸ್, ರ‍್ಯಾಕು, ವೈರಿಂಗ್, ಎಸಿ ಇವು ನಿಮ್ಮವು. 'ಸ್ಟಾಕ್' ಎಂಬ ಒಂದೇ ಸಾಲಿದ್ದರೆ ಇವಕ್ಕೆ ಏನೂ ಸಿಗದು. ಬಡಗಿಗೆ ಕೈಯಲ್ಲಿ ನಗದು ಕೊಟ್ಟು ಮಾಡಿಸಿದ ಕೆಲಸಕ್ಕೆ ಬಿಲ್ಲೇ ಇರುವುದಿಲ್ಲ. ಈಗಲಾದರೂ ಅಳತೆ, ಫೋಟೋ, ಬ್ಯಾಂಕಿನಿಂದ ಹೋದ ಹಣದ ವಿವರ ಸೇರಿಸಿ ಸ್ಥಿರಾಸ್ತಿ ಪಟ್ಟಿಯೊಂದನ್ನು ಲೆಕ್ಕಪರಿಶೋಧಕರಿಂದ ಪುಸ್ತಕಕ್ಕೆ ಹತ್ತಿಸಿಕೊಳ್ಳಿ.

ನಾಲ್ಕನೆಯದು ಮೊತ್ತ. ಅತಿ ಹೆಚ್ಚು ಹಣ ಸೋರುವುದು ಇಲ್ಲೇ, ಅದಕ್ಕೇ ಸ್ವಲ್ಪ ಲೆಕ್ಕ ಹಾಕೋಣ. ಯಂತ್ರ, ಪೀಠೋಪಕರಣಗಳಿಗೆ ಹಾಕಬೇಕಾದದ್ದು ಅಂಥದ್ದೇ ಹೊಸದನ್ನು ಇವತ್ತು ಕೊಂಡರೆ ಬೀಳುವ ಬೆಲೆ. ಬ್ಯಾಲೆನ್ಸ್ ಶೀಟಿನಲ್ಲಿ ಸವಕಳಿ ಕಳೆದು ಉಳಿದ ಬೆಲೆಯಲ್ಲ. ಸರಕಿಗೆ ತಂದು ಇಳಿಸಿದ ಬೆಲೆ. ಮಾರಾಟದ ಬೆಲೆಯಲ್ಲ, ಲಾಭ ಸೇರಿಸುವಂತಿಲ್ಲ.

ಅದೇ ಬಟ್ಟೆ ಅಂಗಡಿಯಲ್ಲಿ ಸಾಮಾನ್ಯ ದಿನ ₹30 ಲಕ್ಷದ ಮಾಲು, ದೀಪಾವಳಿಗೆ ಮುಂಚೆ ₹48 ಲಕ್ಷ. ವಿಮೆ ₹30 ಲಕ್ಷಕ್ಕೆ. ಹಬ್ಬದ ಮುಂಚೆ ಬೆಂಕಿ ಬಿದ್ದು ₹16 ಲಕ್ಷದ ಮಾಲು ಸುಟ್ಟಿತು. ₹30 ಲಕ್ಷದವರೆಗೆ ವಿಮೆ ಇದೆಯಲ್ಲ, ₹16 ಲಕ್ಷ ಪೂರ್ತಿ ಬರುತ್ತದೆ ಎಂದೇ ಅಂಗಡಿಯವರ ಲೆಕ್ಕ. ನಷ್ಟ ಅಳೆಯಲು ಬರುವ ಸರ್ವೇಯರ್ ಲೆಕ್ಕ ಹೀಗಿರುತ್ತದೆ: 48ಕ್ಕೆ 30 ಅಂದರೆ ಶೇ. 62.5. ಹಾಗಾಗಿ 16ರಲ್ಲಿ ಶೇ. 62.5, ಅಂದರೆ ₹10 ಲಕ್ಷ. ಇದೇ ಅಂಡರ್ ಇನ್ಶೂರೆನ್ಸ್ ಕಡಿತ. ಈ ಪಾಲಿಸಿಯ ದೊಡ್ಡ ಗುಣವೆಂದರೆ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುವುದು. ₹42 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಕೊರತೆ ಶೇ. 12.5 ಮಾತ್ರ, ₹16 ಲಕ್ಷವೂ ಲೆಕ್ಕಕ್ಕೆ ಬಂದು ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು, ಮಾತ್ರ ಕಳೆಯುತ್ತಿತ್ತು. ಶೇ. 15ರ ಗೆರೆ ದಾಟಿದಿರೋ, ಮೊದಲ 15 ಬಿಟ್ಟು ಉಳಿದದ್ದಕ್ಕೆ ಕಡಿತ ಎಂದಲ್ಲ; ಪೂರ್ತಿ ಕೊರತೆಗೆ ಕಡಿತ. ವರ್ಷವಿಡೀ ಹೆಚ್ಚು ಪ್ರೀಮಿಯಂ ಬೇಡವೆನಿಸಿದರೆ ಸೀಸನ್ನಿಗೆ ಮುಂಚೆ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ತಿದ್ದುಪಡಿ) ಹಾಕಿಸಿ ಮೊತ್ತ ಏರಿಸಿಕೊಳ್ಳಬಹುದು, ಉಳಿದ ತಿಂಗಳ ಲೆಕ್ಕದಲ್ಲಷ್ಟೇ ಪ್ರೀಮಿಯಂ ಬೀಳುತ್ತದೆ.

ಜಿಎಸ್‌ಟಿಯನ್ನು ಇಲ್ಲಿ ಮರೆಯುವಂತಿಲ್ಲ. ಸುಟ್ಟ, ನಾಶವಾದ ಸರಕಿನ ಮೇಲೆ ತೆಗೆದುಕೊಂಡಿದ್ದ ಇನ್‌ಪುಟ್ ತೆರಿಗೆಯನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಪಡೆದ ವಜಾ) ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಪ್ರಕಾರ ಹಿಂದಿರುಗಿಸಬೇಕು. ₹20 ಲಕ್ಷದ ಬಟ್ಟೆಗೆ ಶೇ. 5ರಂತೆ ₹1 ಲಕ್ಷ. ಶೇ. 18ರ ಮಾಲಾದರೆ ₹3.6 ಲಕ್ಷ. ವಿಮಾ ಮೊತ್ತವನ್ನು ತೆರಿಗೆ ಸೇರಿಸಿ ನಿಗದಿ ಮಾಡಿ, ಕ್ಲೇಮಿನಲ್ಲೂ ಅದನ್ನು ಸೇರಿಸಿ ಕೇಳಿ, ಹಿಂದಿರುಗಿಸಿದ್ದನ್ನು ತೋರಿಸುವ ಜಿಎಸ್‌ಟಿ 3ಬಿ ರಿಟರ್ನ್ ಪ್ರತಿ ಲಗತ್ತಿಸಿದರೆ ಆ ಹಣ ಬರುತ್ತದೆ. ತೆರಿಗೆ ಬಿಟ್ಟು ವಿಮೆ ಮಾಡಿಸಿದವರು ಅದನ್ನು ಕೈಯಿಂದ ಕಟ್ಟುತ್ತಾರೆ.

ಮಾರುವ ರೀತಿಗೆ ಅರ್ಧ ಅಂಕ ಕಳೆದದ್ದು ಯಾಕೆಂದು ಈಗ ಹೇಳಬಹುದು. ಈ ಪಾಲಿಸಿ ಎಷ್ಟೋ ಅಂಗಡಿಗೆ ಬರುವುದು ಬ್ಯಾಂಕಿನ ಕಡೆಯಿಂದ, ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಲಿಮಿಟ್ಟಿನ ಜೊತೆಗೆ. ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲದ ಭದ್ರತೆ. ₹25 ಲಕ್ಷದ ಲಿಮಿಟ್ಟಿಗೆ ₹25 ಲಕ್ಷದ ವಿಮೆ, ಸ್ಟಾಕಿಗೆ ಮಾತ್ರ, ಸಾಲದ ಅರ್ಜಿಯಲ್ಲಿದ್ದ ಹಳೇ ವಿಳಾಸಕ್ಕೆ. ಅಂಗಡಿ ಬದಲಾದರೂ ವರ್ಷವರ್ಷ ಖಾತೆಯಿಂದ ಪ್ರೀಮಿಯಂ ಕಡಿತವಾಗುತ್ತಲೇ ಇರುತ್ತದೆ, ಪಾಲಿಸಿಯ ಪ್ರತಿ ಎಲ್ಲಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಂಕ್ ಷರತ್ತು ಇರುವುದರಿಂದ ಕ್ಲೇಮಿನ ಹಣ ಮೊದಲು ಹೋಗುವುದೂ ಬ್ಯಾಂಕಿಗೇ. ಪ್ರತಿ ಕೇಳಿ ಪಡೆದು, ಈ ನಾಲ್ಕು ಸಾಲು ನೋಡಿ, ತಿದ್ದುಪಡಿ ಬರಹದಲ್ಲಿ ಕೊಡಿ. ಇನ್ನೊಂದು ಮಾತು: ಲಿಮಿಟ್ ಕಡಿಮೆಯಾಗದಿರಲೆಂದು ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟನ್ನು ಉಬ್ಬಿಸುವ ಅಭ್ಯಾಸ ಹಲವರಿಗಿದೆ. ಸರ್ವೇಯರ್ ಅದನ್ನೂ ತರಿಸಿಕೊಂಡು ಟ್ಯಾಲಿ ಸಾಫ್ಟ್‌ವೇರಿನಲ್ಲಿರುವ ಅಂಗಡಿ ಲೆಕ್ಕದ ಪಕ್ಕದಲ್ಲಿಟ್ಟು ನೋಡುತ್ತಾರೆ. ಎರಡೂ ಹೊಂದದಿದ್ದರೆ ಸಣ್ಣ ಮೊತ್ತವೇ ಗಟ್ಟಿ, ದೊಡ್ಡ ಮೊತ್ತ ಅನುಮಾನಕ್ಕೆ ದಾರಿ.

ಪಾಲಿಸಿ ಕೊಡದ್ದರ ಪಟ್ಟಿ ಉದ್ದವಿದೆ. ಮುಖ್ಯವಾದವು ಇಷ್ಟು: ಬಾರದೆ ಹೋದ ಲಾಭ, ಬಾಡಿಗೆ, ಸಂಬಳ, ಕೈತಪ್ಪಿದ ಆರ್ಡರ್ ಯಾವುದೂ ಇಲ್ಲ. ಇವಕ್ಕೆ ಫೈರ್ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯನ್ನು ಇದರ ಜೊತೆಗೇ ಕೊಳ್ಳಬೇಕು. ಎರಡು-ಮೂರು ತಿಂಗಳು ಬಾಗಿಲು ಹಾಕಿದರೆ ಏಳಲಾಗದ ವ್ಯಾಪಾರಕ್ಕೆ ಅದು ಬೇಕೇ ಬೇಕು. ಶಾರ್ಟ್ ಸರ್ಕ್ಯೂಟಿನಲ್ಲಿ ಸುಟ್ಟ ಸ್ವಿಚ್‌ಬೋರ್ಡ್ ಅಥವಾ ಮೋಟರ್‌ಗೆ ಹಣವಿಲ್ಲ, ಅದರಿಂದ ಹಬ್ಬಿದ ಬೆಂಕಿಯಲ್ಲಿ ಹೋದ ಮಿಕ್ಕದ್ದಕ್ಕೆ ಇದೆ. ತಾನಾಗಿ ಬಿಸಿಯೇರಿ, ಹುಳಿತು ಹೊತ್ತಿಕೊಂಡ ಸರಕಿಗೆ ಇಲ್ಲ. ಹತ್ತಿ, ಹಿಂಡಿ ದಾಸ್ತಾನು ಮಾಡುವವರು ಇದನ್ನು ಗಮನಿಸಿ ಹೆಚ್ಚುವರಿ ಕವರ್ ಕೇಳಬೇಕು. ತಿಂಗಳುಗಟ್ಟಲೆ ಛಾವಣಿ ಸೋರಿ ಹಾಳಾದದ್ದು ಪ್ರವಾಹವಲ್ಲ. 30 ದಿನ ಮೀರಿ ಖಾಲಿ ಬಿಟ್ಟ ಜಾಗವಿದ್ದರೆ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಈಗ ಆಪತ್ತಿಗೆ ಮುಂಚಿನ ಸಿದ್ಧತೆ. ಇದು ಪಾಲಿಸಿಯಲ್ಲಿ ಬರೆದಿರುವುದಿಲ್ಲ, ಆದರೆ ಕ್ಲೇಮ್ ಗೆಲ್ಲಿಸುವುದು ಇದೇ. ಟ್ಯಾಲಿ ಬ್ಯಾಕಪ್ ಇರುವ ಪೆನ್‌ಡ್ರೈವ್ ಗಲ್ಲಾಪೆಟ್ಟಿಗೆಯಲ್ಲೇ ಇದ್ದರೆ ಕಂಪ್ಯೂಟರ್ ಜೊತೆ ಅದೂ ಮುಳುಗುತ್ತದೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಕ್ಲೌಡಿನಲ್ಲಿ, ವಾರಕ್ಕೊಮ್ಮೆಯಾದರೂ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಮೂರು ತಿಂಗಳಿಗೊಮ್ಮೆ ಅಂಗಡಿಯ ಬಾಗಿಲಿಂದ ಹಿಡಿದು ಹಿಂದಿನ ಗೋಡೆಯವರೆಗೆ ನಿಧಾನವಾಗಿ ವೀಡಿಯೊ ತೆಗೆದು, ಪ್ರತಿ ಯಂತ್ರದ ನೇಮ್‌ಪ್ಲೇಟ್ ಹತ್ತಿರದಿಂದ ಕಾಣುವಂತೆ ಹಿಡಿದು ಕ್ಲೌಡಿಗೆ ಹಾಕಿ. ಏನೂ ಉಳಿಯದಿದ್ದರೂ ಜಿಎಸ್‌ಟಿ ಪೋರ್ಟಲ್ಲಿನ 2ಬಿ ಯಲ್ಲಿ ನಿಮ್ಮ ಖರೀದಿಯ ಬಿಲ್ಲುಗಳ ಪಟ್ಟಿ, ಜಿಎಸ್‌ಟಿಆರ್-1ರಲ್ಲಿ ಮಾರಾಟ ಸಿಗುತ್ತದೆ. ಸಪ್ಲೈಯರ್‌ಗಳಿಂದ ಬಿಲ್ಲಿನ ನಕಲು ತರಿಸಿಕೊಳ್ಳಲು ಅದೇ ಆಧಾರ.

ಘಟನೆ ನಡೆದ ಮೇಲೆ ಮೊದಲ ಎರಡು-ಮೂರು ದಿನ ಮಾಡಿದ್ದೇ ಫೈಲಿನ ಬುನಾದಿ. ಕಂಪನಿಗೆ ಫೋನ್ ಮಾಡಿ, ಕ್ಲೇಮ್ ನಂಬರ್ ಪಡೆದು, ಇಮೇಲಿನಲ್ಲೂ ತಿಳಿಸಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಂಥ ಹೊತ್ತಿನಲ್ಲಿ ಅಂಗಡಿಯ ಹತ್ತಿರ ಸುಳಿಯಲೂ ಆಗುವುದಿಲ್ಲ. ನಷ್ಟ ಎಷ್ಟೆಂದು ಗೊತ್ತಾಗುವವರೆಗೆ ಕಾಯಬೇಡಿ, 'ನೀರು ನುಗ್ಗಿದೆ, ಅಂದಾಜು ನಂತರ' ಎಂದರೂ ಸಾಕು. ಕ್ಲೇಮ್ ಫಾರಂ 30 ದಿನದೊಳಗೆ ಸೇರಬೇಕು.

ಒಳಗೆ ಹೋದಾಗ ಮೊದಲ ಫೋಟೋ ಗೋಡೆಯದು. ನೀರು ನಿಂತ ಕೆಸರಿನ ಗೆರೆಗೆ ಅಳತೆಪಟ್ಟಿ ಹಿಡಿದು, ನೆಲದಿಂದ ಎಷ್ಟು ಅಡಿ ಎಂದು ಓದಲು ಬರುವಂತೆ, ನಾಲ್ಕೂ ಗೋಡೆಗೆ. ಆ ಗೆರೆಯ ಕೆಳಗಿನ ರ‍್ಯಾಕುಗಳಲ್ಲಿ ಏನಿತ್ತು ಎಂಬ ಪ್ರಶ್ನೆಗೇ ಕ್ಲೇಮ್ ಬಂದು ನಿಲ್ಲುತ್ತದೆ. ಬಳಿಕ ಮಾಲನ್ನು ಪೂರ್ತಿ ನೆನೆದದ್ದು, ತೇವ ಮಾತ್ರ ಆದದ್ದು, ನೀರು ತಾಗದೆ ಒಣಗಿದ್ದದ್ದು ಎಂದು ಮೂರು ಗುಂಪು ಮಾಡಿ, ಎಣಿಸಿ, ಬರೆದಿಡಿ. ಒಣಗಿದ ಮಾಲನ್ನು ಅದೇ ದಿನ ಬೇರೆ ಜಾಗಕ್ಕೆ ಸಾಗಿಸಿ. ನೆನೆದ ಬಟ್ಟೆಯ ಗಂಟು ಬಿಚ್ಚದೆ ಬಿಟ್ಟರೆ ಒಂದೆರಡು ದಿನದಲ್ಲಿ ಬೂಸ್ಟು ಹಿಡಿದು, ಬಣ್ಣದ ಸೀರೆಯ ಬಣ್ಣ ಪಕ್ಕದ ಬಿಳಿಗೆ ಇಳಿದು, ಉಳಿಸಬಹುದಾಗಿದ್ದ ಮಾಲೂ ಹೋಗುತ್ತದೆ. ವಿಮೆ ಇಲ್ಲದವರು ಹೇಗೆ ಮಾಲು ಉಳಿಸಿಕೊಳ್ಳುತ್ತಿದ್ದರೋ ಹಾಗೆ ನಡೆದುಕೊಳ್ಳಬೇಕೆಂಬುದು ವಿಮೆಯ ಹಳೆಯ ನಿಯಮ. ಆದರೆ ಹಾಳಾದದ್ದನ್ನು ಸರ್ವೇಯರ್ ನೋಡುವ ಮುಂಚೆ ಎಸೆಯಬೇಡಿ, ಮಾರಬೇಡಿ. ನಗರಸಭೆಯವರು ಒತ್ತಾಯ ಮಾಡಿದರೆ ಸರ್ವೇಯರ್‌ಗೆ ಫೋಟೋ ಕಳಿಸಿ, ವಾಟ್ಸಾಪಿನಲ್ಲಾದರೂ ಒಪ್ಪಿಗೆ ಪಡೆದು ವಿಲೇವಾರಿ ಮಾಡಿ.

ಮುಳುಗಿದ ಮೋಟರಿಗೆ ಕರೆಂಟ್ ಕೊಟ್ಟು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ತೇವ ಇರುವಾಗ ಸ್ವಿಚ್ ಹಾಕಿದರೆ ವೈಂಡಿಂಗ್ ಸುಟ್ಟು, ನೆರೆಯ ನಷ್ಟ ಎಂಬುದು ಶಾರ್ಟ್ ಸರ್ಕ್ಯೂಟಿನ ನಷ್ಟವಾಗಿ ಬದಲಾಗುತ್ತದೆ. ಅದಕ್ಕೆ ಪಾಲಿಸಿ ಇಲ್ಲ ಎಂದು ಮೇಲೆ ಹೇಳಿಯಾಯಿತು. ಬಿಚ್ಚಿ, ಶುದ್ಧ ನೀರಿನಿಂದ ಕೆಸರು ತೊಳೆದು, ಒಣಗಿಸಿ, 500 ವೋಲ್ಟಿನ ಮೆಗ್ಗರ್‌ನಲ್ಲಿ ಇನ್ಸುಲೇಶನ್ ಅಳೆಯಿಸಿ. ಕನಿಷ್ಠ 1 ಮೆಗಾಓಂ ಬಾರದಿದ್ದರೆ ಇನ್ನೂ ಒಣಗಿಸಬೇಕು ಅಥವಾ ರೀವೈಂಡಿಂಗ್. ಅಳತೆಯ ಚೀಟಿ, ರಿಪೇರಿಯ ಕೊಟೇಶನ್ ಫೈಲಿಗೆ. ಮುಳುಗಿದ ಹಾರ್ಡ್ ಡಿಸ್ಕಿಗೂ ತೇವ ಇರುವಾಗ ಕರೆಂಟ್ ಕೊಡಬೇಡಿ.

ಬೆಂಕಿಯಾದರೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ವರದಿ ಬೇಕು, ಹಾಗಾಗಿ ನೀವೇ ನಂದಿಸಿದ್ದರೂ ಕರೆ ಮಾಡಿರಬೇಕು. ಪೊಲೀಸ್ ಠಾಣೆಗೆ ದೂರು, ವಿದ್ಯುತ್ ಕಾರಣವೆನ್ನುವ ಅನುಮಾನವಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ವರದಿ. ಪ್ರವಾಹವಾದರೆ ಕಂದಾಯ ಇಲಾಖೆಯ ಪಂಚನಾಮೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ದಾಖಲೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿರುವುದರಿಂದ ನಿಮ್ಮ ಊರಿನ ಅಂಕಿಯೇ ಸಿಗುತ್ತದೆ, ಪತ್ರಿಕೆಯ ಕತ್ತರಿಕೆಗಿಂತ ಅದಕ್ಕೆ ತೂಕ ಹೆಚ್ಚು.

₹1 ಲಕ್ಷ ಮೀರಿದ ನಷ್ಟಕ್ಕೆ ಪರವಾನಗಿ ಇರುವ ಸರ್ವೇಯರ್ ಬರುತ್ತಾರೆ. ಸುಟ್ಟು ಬೂದಿಯಾದ ಮಾಲನ್ನು ಅವರು ಎಣಿಸುವುದು ಪುಸ್ತಕದಿಂದ: ಏಪ್ರಿಲ್ 1ರ ಆರಂಭಿಕ ದಾಸ್ತಾನು ₹18 ಲಕ್ಷ, ಅಲ್ಲಿಂದ ಖರೀದಿ ₹46 ಲಕ್ಷ, ಮಾರಾಟ ₹50 ಲಕ್ಷ. ಹಿಂದಿನ ವರ್ಷಗಳ ಒಟ್ಟು ಲಾಭ ಶೇ. 16 ಆದರೆ ಮಾರಿದ ಮಾಲಿನ ಅಸಲು ₹42 ಲಕ್ಷ. ಹಾಗಾದರೆ ಅಂದು ಒಳಗಿದ್ದದ್ದು ₹22 ಲಕ್ಷ. ಇದರಲ್ಲಿ ಉಳಿದ ಮಾಲು, ಸಾಲ್ವೇಜ್ (ಹಾಳಾದ ಮಾಲಿಗೆ ಸಿಗುವ) ಬೆಲೆ, ವರ್ಷಗಟ್ಟಲೆ ಮಾರಾಟವಾಗದೆ ಕೂತ ಮಾಲಿನ ಇಳಿಕೆ ಕಳೆಯುತ್ತಾರೆ. ತೆರಿಗೆ ಉಳಿಸಲು ಬಿಲ್ಲಿಲ್ಲದೆ ತಂದ ಮಾಲು ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ, ಅದರ ಹಣವೂ ಕಾಣುವುದಿಲ್ಲ. ಸಾಲ್ವೇಜಿಗೆ ಸರ್ವೇಯರ್ ಹಾಕಿದ ಬೆಲೆ ಜಾಸ್ತಿ ಅನಿಸಿದರೆ ಇಬ್ಬರು-ಮೂವರು ಗುಜರಿ ವ್ಯಾಪಾರಿಗಳಿಂದ ಬರಹದಲ್ಲಿ ದರ ತಂದುಕೊಡಿ, ಅಥವಾ ಆ ಬೆಲೆಗೆ ಕಂಪನಿಯೇ ಮಾಲು ಎತ್ತಿಕೊಳ್ಳಲಿ ಎನ್ನಿ. ಬಾಯಿಮಾತಿನ ಜಗಳದಿಂದ ಅಂಕಿ ಅಲುಗುವುದಿಲ್ಲ.

ಯಂತ್ರ, ಕಟ್ಟಡಕ್ಕೆ ಹೊಸದರ ಬೆಲೆ ಸಿಗಬೇಕಾದರೆ ನಿಜವಾಗಿ ಹೊಸದನ್ನು ಹಾಕಿಸಿ ಬಿಲ್ಲು ಕೊಡಬೇಕು. ಹಾಕಿಸದೆ ಹಣ ಕೇಳಿದರೆ ಸವಕಳಿ ಕಳೆದದ್ದಷ್ಟೇ.

2024ರ ಜೂನಿನ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ ಆಗಬೇಕು. ನೀವು ಕಾಗದ ಕೊಡುವುದು ತಡವಾದರೆ ಈ ದಿನಗಳ ಲೆಕ್ಕ ನಿಮ್ಮ ಕೈ ತಪ್ಪುತ್ತದೆ. ಹಾಗಾಗಿ ಏನೇನು ಬೇಕೆಂದು ಒಂದೇ ಪಟ್ಟಿಯಲ್ಲಿ ಬರಹದಲ್ಲಿ ಕೇಳಿ, ಕೊಟ್ಟದ್ದಕ್ಕೆಲ್ಲ ಇಮೇಲ್ ದಾಖಲೆ ಇಡಿ. ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ಕಡಿಮೆ ಮೊತ್ತಕ್ಕೆ ಡಿಸ್‌ಚಾರ್ಜ್ ವೋಚರ್ (ಕ್ಲೇಮ್ ಇತ್ಯರ್ಥವಾಯಿತು ಎಂಬ ರಸೀದಿ) ಸಹಿ ಮಾಡಬೇಕಾಗಿ ಬಂದರೆ ಆಕ್ಷೇಪಣೆಯೊಂದಿಗೆ ಎಂದು ಬರೆದೇ ಸಹಿ ಮಾಡಿ. ಸಹಿಯಿಂದಷ್ಟೇ ಹೆಚ್ಚಿನ ಹಣ ಕೇಳುವ ಹಕ್ಕು ಹೋಗದು ಎಂದು ಐಆರ್‌ಡಿಎಐ 2015ರಲ್ಲೇ ಹೇಳಿದೆ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿ. ಒಬ್ಬರೇ ಮಾಲೀಕರಿರುವ ಅಂಗಡಿಗಳು, ಸೂಕ್ಷ್ಮ ಉದ್ಯಮಗಳು ಅಲ್ಲಿ ದೂರು ಕೊಡಬಹುದು. ಇಲ್ಲಿ ಮಾತ್ರ ಉದ್ಯಮ್ ಸರ್ಟಿಫಿಕೇಟ್ ಕೆಲಸಕ್ಕೆ ಬರುತ್ತದೆ. ಪರಿಹಾರದ ಮಿತಿ ₹50 ಲಕ್ಷ, ಫೀಸಿಲ್ಲ, ವಕೀಲರೂ ಬೇಡ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಮೊದಲೇ ದಾವೆ ಹೂಡಿದ್ದರೆ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಯಾವುದು ಮೊದಲು ಎಂಬುದನ್ನು ಅರ್ಜಿ ಬರೆಯುವ ಮುಂಚೆಯೇ ನಿರ್ಧರಿಸಿ.